ಸಹಾಯ ಬೇಕು: ತಮ್ಮನಿಗೆ ಕೂದಲು ಕಸಿ, ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನನ್ನ ತಮ್ಮನಿಗೆ ಮೈಸೂರಿನಲ್ಲಿ ಕೂದಲು ಕಸಿ ಮಾಡಿಸಬೇಕು ಅಂತಿದ್ದೇವೆ. ಮನೆಯೊಳಗೂ ಟೋಪಿ ತೆಗೆಯಲ್ಲ ಅವನು. ಮದುವೆಗೆ ಕರೆದರೆ ತೋಟದ ಕೆಲಸ ಅಂತ ತಪ್ಪಿಸಿಕೊಳ್ಳುತ್ತಾನೆ. ನೋಡಿದರೆ ಸಂಕಟ ಆಗುತ್ತದೆ.

ಡಾಕ್ಟರು ಎಫ್‌ಯುಇ ವಿಧಾನ ಅಂದಿದ್ದಾರೆ. ತಲೆಯ ಹಿಂಭಾಗದಿಂದ ಬೇರು ಸಮೇತ ಒಂದೊಂದೇ ಕೂದಲ ಗುಚ್ಛ ತೆಗೆದು ಮುಂದೆ ನೆಡುತ್ತಾರೆ. ಜಾಗ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. ಆ ಮರಗಟ್ಟಿಸುವ ಇಂಜೆಕ್ಷನ್ ತುಂಬಾ ನೋಯುತ್ತದಾ? ಅವನಿಗೆ ಸೂಜಿ ಅಂದರೆ ಭಯ.

ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರುತ್ತದೆ, ಬೇರು ಉಳಿದಿರುತ್ತದೆ, 3-4 ತಿಂಗಳ ಮೇಲೆ ಹೊಸದು ಬರುತ್ತದೆ, ಪೂರ್ತಿ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಇದು ಗೊತ್ತಿದೆ. ಆದರೆ ಆ ಉದುರುವ ಸಮಯದಲ್ಲಿ ಅವನು ಕುಗ್ಗಿಹೋಗುತ್ತಾನೆ ಅನ್ನೋದೇ ನನ್ನ ಚಿಂತೆ. ನೀವು ಆಗ ಹೇಗಿದ್ರಿ? ಮನೆಯವರು ಏನು ಮಾಡಿದರೆ ಒಳ್ಳೆಯದು?

ಇನ್ನೊಂದು, ಯಾವ ತಿಂಗಳು ಸರಿ? ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಬಿಸಿಲು, ಬೆವರು, ದೂಳು. ಜುಲೈಯಲ್ಲಿ ಮಾಡಿಸಿದರೆ ಈ ಜಡಿಮಳೆ. ತಲೆ ನೆನೆಯದ ಹಾಗೆ, ಹೆಲ್ಮೆಟ್ ಒತ್ತದ ಹಾಗೆ ಹೇಗೆ ನೋಡಿಕೊಂಡಿರಿ?

ಮೊದಲಿನಿಂದ ಇರುವ ಕೂದಲು ಉದುರದಿರಲು ಮಿನಾಕ್ಸಿಡಿಲ್, ಫಿನಾಸ್ಟರೈಡ್ ಅನ್ನೋ ಔಷಧಿಗಳನ್ನು ಮುಂದುವರಿಸಬೇಕಾಗಬಹುದು ಅಂದಿದ್ದಾರೆ. ವರ್ಷಗಟ್ಟಲೆ ತೆಗೆದುಕೊಂಡವರು ಇದ್ದರೆ ನಿಮ್ಮ ಅನುಭವ ಖಂಡಿತ ಬರೆಯಿರಿ. ಸುಮ್ನೆ ಕ್ಲಿನಿಕ್ ಜಾಹೀರಾತು ಹಾಕಬೇಡಿ. ಇಲ್ಲಿ ಬರೆಯಲು ಮುಜುಗರ ಆದರೆ ಮೆಸೇಜ್ ಮಾಡಿದರೂ ಸಾಕು.