ಹಿತ್ತಲಿಗೆ ಪರ್ಗೋಲಾ ಸರಿಯೋ, ಹೆಂಚಿನ ಮಂಟಪ ಸರಿಯೋ?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ, ಅಡುಗೆಮನೆಯ ಬಾಗಿಲಿನಿಂದ ಪಶ್ಚಿಮಕ್ಕೆ 14 ಅಡಿ ಉದ್ದ, 12 ಅಡಿ ಅಗಲದ ಜಾಗವಿದೆ. ಸಂಜೆ ನಾಲ್ಕರಿಂದ ಏಳರವರೆಗೆ ಮನೆಯವರೆಲ್ಲ ಕುಳಿತುಕೊಳ್ಳಲು ಅಲ್ಲೊಂದು ನೆರಳು ಮಾಡಿಸಬೇಕೆಂದಿದ್ದೇವೆ. ಮೇಲೆ ಮರದ ಪಟ್ಟಿಗಳಷ್ಟೇ ಇರುವ ಪರ್ಗೋಲಾ ಸಾಕು, ಮಳೆಗೂ ಆಗಬೇಕೆನಿಸಿದರೆ ಮುಂದೆ ಪಾಲಿಕಾರ್ಬೊನೇಟ್ ಶೀಟು ಹೊದಿಸಬಹುದು ಎಂಬುದು ಬಡಗಿಯವರ ಸಲಹೆ. ನಮ್ಮ ಅತ್ತೆಯವರಿಗೆ ನಾಲ್ಕು ಕಂಬದ ಮೇಲೆ ಮಂಗಳೂರು ಹೆಂಚು ಹೊದಿಸಿದ ಮಂಟಪವೇ ಆಗಬೇಕು. ಆದರೆ ಹಪ್ಪಳ, ಸಂಡಿಗೆ ಒಣಗಿಸುವ ಬಿಸಿಲು ತಪ್ಪಬಾರದೆಂಬುದೂ ಅವರದೇ ಷರತ್ತು. ಕಾಂಪೌಂಡಿನ ಪಕ್ಕದಲ್ಲಿ ಒಂದು ತೆಂಗಿನ ಮರವೂ ಇದೆ. ಕಟ್ಟಿಸಿ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸಿವಿಲ್ ಎಂಜಿನಿಯರ್, ಬೆಂಗಳೂರು)

ನೀವು ಹೇಳಿರುವ ಸಮಯವೇ ಅರ್ಧ ಉತ್ತರ ಕೊಡುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆಯೇ ಆದರೂ, ಅದರ ದೊಡ್ಡ ಪಾಲು ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗಿನೊಂದಿಗೆ, ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ, ಅಂದರೆ ನೀವು ಕುರ್ಚಿ ಹಾಕಿಕೊಂಡು ಕೂರುವ ಹೊತ್ತಿಗೇ ಸುರಿಯುತ್ತದೆ.

ನೆರಳಿನ ಲೆಕ್ಕವನ್ನೂ ನೋಡಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮೈಸೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. 2 ಇಂಚು ದಪ್ಪದ ಪಟ್ಟಿಗಳನ್ನು 12 ಇಂಚಿಗೊಂದರಂತೆ ಜೋಡಿಸಿದರೆ ಆಗ ಸಿಗುವುದು ಆರನೆಯ ಒಂದು ಭಾಗ ನೆರಳು ಮಾತ್ರ. ಅವೇ ಪಟ್ಟಿಗಳು 6 ಇಂಚು ಎತ್ತರವಿದ್ದು ಉತ್ತರ-ದಕ್ಷಿಣವಾಗಿದ್ದರೆ, ಸಂಜೆ ನಾಲ್ಕೂವರೆಯ ನಂತರ, ಸೂರ್ಯನ ಎತ್ತರ ದಿಗಂತದಿಂದ 30 ಡಿಗ್ರಿಗಿಂತ ಕಡಿಮೆಯಾದ ಮೇಲೆ, ಅವುಗಳ ನಡುವೆ ಬಿಸಿಲು ತೂರಲಾರದು. ಆದರೆ ಆ ಹೊತ್ತಿಗೆ ಬಿಸಿಲು ಕಂಬಗಳ ನಡುವಿನಿಂದಲೇ ಓರೆಯಾಗಿ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಪರ್ಗೋಲಾ ಆಗಲಿ, ಮಂಟಪವಾಗಲಿ, ಪಶ್ಚಿಮದ ಕಡೆಗೆ ಸುತ್ತಿಡಬಹುದಾದ ಬಿದಿರಿನ ಪರದೆ ಬೇಕೇ ಬೇಕು.

ಶೀಟನ್ನು ಮುಂದೆ ಹೊದಿಸಿದರಾಯಿತು ಎಂಬ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಪಟ್ಟಿಗಳ ನಡುವೆ ಗಾಳಿ ದಾಟಿಹೋಗುತ್ತದೆ. ಶೀಟು ಬಂದ ಕೂಡಲೇ ಅದು ರೆಕ್ಕೆಯಂತಾಗಿ ಗಾಳಿಗೆ ಮೇಲೇಳಲು ನೋಡುತ್ತದೆ. ಕಟ್ಟಡಗಳ ಮೇಲಿನ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐ.ಎಸ್. 875ರ 3ನೇ ಭಾಗದ ಪ್ರಕಾರ ಮೈಸೂರಿಗೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 65 ಕಿಲೋ ಭಾರಕ್ಕೆ ಸಮ. ನಿಮ್ಮ ಜಾಗದಷ್ಟು ಚಾವಣಿಗೆ ಹತ್ತಿರ ಹತ್ತಿರ ಒಂದು ಟನ್. ಹತ್ತು ಮಿಲಿಮೀಟರಿನ ಪೊಳ್ಳು ಪಾಲಿಕಾರ್ಬೊನೇಟ್ ಶೀಟು ಚದರ ಮೀಟರಿಗೆ 2 ಕಿಲೋ ಕೂಡ ತೂಗುವುದಿಲ್ಲ. ಹಾಗಾಗಿ ಎಂದಾದರೂ ಹೊದಿಕೆ ಬರುವುದಿದ್ದರೆ ಪಾಯ, ಕಂಬವನ್ನು ಪಾಯಕ್ಕೆ ಬಿಗಿಯುವ ಆಂಕರ್ ಬೋಲ್ಟು, ಚಾವಣಿಯ ವಾಟ (ಇಳಿಜಾರು) ಇವೆಲ್ಲವೂ ಮೊದಲ ದಿನವೇ ಅದಕ್ಕೆ ತಕ್ಕಂತಿರಬೇಕು. ಸೆಟ್‌ಬ್ಯಾಕ್ ಜಾಗದಲ್ಲಿ (ನಿಯಮದಂತೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ) ಕಾಯಂ ಚಾವಣಿಗೆ ಅವಕಾಶವಿದೆಯೇ ಎಂಬುದನ್ನೂ ಪಾಲಿಕೆಯಲ್ಲಿ ವಿಚಾರಿಸಿಕೊಳ್ಳಿ.

ಉತ್ತರ 2 (ಪುತ್ತೂರು)

ನಮ್ಮ ಕಡೆಯ ಮಳೆಗೆ ಪರ್ಗೋಲಾ ಎಂಬುದು ಬರೀ ಶೋಕಿ. ನಿಮ್ಮಲ್ಲಿ ಹಾಗೆ ಹೇಳಲಾಗದು. ಆದರೂ ನಾನು ಅತ್ತೆಯವರ ಪಕ್ಷ. ಹೆಂಚಿನ ಭಾರವೇ ಅದರ ಗುಣ: ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿದರೆ 35ರಿಂದ 40 ಕಿಲೋ ಆಗುತ್ತದೆ. ತೆಂಗಿನ ಸೋಗೆ ಬಿದ್ದು ಎರಡು ಹೆಂಚು ಒಡೆದರೆ ಕೆಳಗಿನಿಂದಲೇ ಮೇಲಕ್ಕೆತ್ತಿ ಬೇರೆರಡು ಸೇರಿಸಬಹುದು, ಶೀಟು ಸೀಳಿದರೆ ಇಡೀ ಶೀಟನ್ನೇ ಬದಲಿಸಬೇಕು. ವಾಟ ಮಾತ್ರ 25 ಡಿಗ್ರಿಗಿಂತ ಕಡಿಮೆಯಾಗಬಾರದು. ನೋಟಕ್ಕೆಂದು ತಗ್ಗಿಸಿದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೇರಿ, ಹೆಂಚನ್ನು ಹೊರುವ ಮರದ ರೀಪುಗಳನ್ನು ಕೊಳೆಸುತ್ತದೆ. ಸೂರು ಕಂಬದಿಂದ ಎರಡಡಿ ಹೊರಚಾಚಿರಲಿ. ಮರದ ಕಂಬವಾದರೆ ನೆಲದಲ್ಲಿ ಹೂಳಿಸಬೇಡಿ. ಕಾಂಕ್ರೀಟು ಪೀಠದ ಮೇಲೆ ಕಬ್ಬಿಣದ ಶೂ ಇಟ್ಟು ಅದರಲ್ಲಿ ನಿಲ್ಲಿಸಿದರೆ ಗೆದ್ದಲು ಏರುವ ದಾರಿ ಕಣ್ಣಿಗೆ ಕಾಣುತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಶೀಟಿನ ಯೋಚನೆಯನ್ನು ಕೈಬಿಟ್ಟೆವು. ಆದರೆ ಪೂರ್ತಿ ಹೆಂಚು ಹೊದಿಸಿದರೆ ಸಂಡಿಗೆಯ ಗತಿಯೇನು? ಅಡುಗೆಮನೆ ಕತ್ತಲಾಗುವುದಿಲ್ಲವೇ?

ಉತ್ತರ 1 (ಮತ್ತೆ)

14 ಅಡಿಯನ್ನೂ ಮುಚ್ಚಬೇಕೆಂದೇನಿಲ್ಲ. ಮನೆಯ ಕಡೆಯ 10 ಅಡಿಗೆ ಹೆಂಚು ಹಾಕಿಸಿ, ಪಶ್ಚಿಮದ ತುದಿಯ 4 ಅಡಿಗೆ ತೊಲೆಗಳನ್ನಷ್ಟೇ ಮುಂದುವರಿಸಿ ತೆರೆದಿಡಿ. ಮನೆಯ ನೆರಳು ಬೆಳಿಗ್ಗೆ ಮೊದಲು ಸರಿಯುವುದು ಆ ತುದಿಯಿಂದಲೇ ಆದ್ದರಿಂದ ಸಂಡಿಗೆಗೆ ಅದೇ ಒಳ್ಳೆಯ ಜಾಗ. ಇಳಿಜಾರನ್ನು ಉತ್ತರ ಮತ್ತು ದಕ್ಷಿಣಕ್ಕೆ ಕೊಟ್ಟರೆ ನೀರು ಮನೆಯ ಗೋಡೆಗೂ ಬೀಳುವುದಿಲ್ಲ, ತೆರೆದ ಭಾಗಕ್ಕೂ ಸುರಿಯುವುದಿಲ್ಲ. ಅಡುಗೆಮನೆಯ ಬೆಳಕಿಗೆ ಬಾಗಿಲಿನ ನೇರಕ್ಕೆ ನಾಲ್ಕಾರು ಗಾಜಿನ ಹೆಂಚು ಸೇರಿಸಿ.

ಉತ್ತರ 3 (ಮಡಿಕೇರಿ)

ತೆರೆದ ತೊಲೆಗಳಿಗೆ ಬಳ್ಳಿ ಹಬ್ಬಿಸುವುದಾದರೆ ಥನ್‌ಬರ್ಜಿಯಾ ಮೈಸೂರೆನ್ಸಿಸ್ ನೋಡಿ. ಪಶ್ಚಿಮ ಘಟ್ಟದ್ದೇ ಬಳ್ಳಿ, ಹಳದಿ-ಕೆಂಗಂದು ಹೂಗಳ ಉದ್ದುದ್ದ ಗೊಂಚಲುಗಳು ಕೆಳಕ್ಕೆ ಜೋತುಬೀಳುತ್ತವೆ, ಸೂರಕ್ಕಿಗಳು ಬಿಟ್ಟು ಕದಲುವುದಿಲ್ಲ. ಆದರೆ ಅದು ಬಲು ಜೋರಾಗಿ ಹಬ್ಬುವ ಬಳ್ಳಿ. ಕತ್ತರಿ ಆಡಿಸದಿದ್ದರೆ ಹೆಂಚಿನಡಿಗೆ ನುಗ್ಗುತ್ತದೆ, ಸಂಡಿಗೆಯ ಬಿಸಿಲನ್ನೂ ನುಂಗುತ್ತದೆ. ಮೂಲೆಯ ಒಂದು ಕಂಬಕ್ಕೆ ಮಾತ್ರ ಹಬ್ಬಿಸಿ. ತೆಂಗಿನ ಮರದ ಬುಡದಿಂದ ಕೂರುವ ಜಾಗ ಆದಷ್ಟು ದೂರವಿರಲಿ, ಕಾಯಿಯನ್ನೂ ಒಣ ಸೋಗೆಯನ್ನೂ ಕಾಲಕಾಲಕ್ಕೆ ಇಳಿಸುತ್ತಿರಿ; ಮೇಲಿಂದ ಬೀಳುವ ಕಾಯಿಯನ್ನು ಹೆಂಚೂ ತಡೆಯದು, ಪಟ್ಟಿಯೂ ತಡೆಯದು.