ಶಾಲೆ ಕೆಲಸದ ಜೊತೆ ಶಿಕ್ಷಣ ಆಡಳಿತದಲ್ಲಿ ಪಿಜಿ ಮಾಡಬಹುದಾ?

ಡೊಂಬಿವಲಿ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಮುಂಬೈ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಟೀಚರ್. ಬಿ.ಎ., ಬಿ.ಎಡ್. ಆಗಿದೆ. ಎರಡು ವರ್ಷದಿಂದ ಹೆಡ್‌ಮಿಸ್ ಚಾರ್ಜೂ ನನ್ನ ತಲೆಗೇ ಬಂದಿದೆ. ಈಗ ಪಾಠಕ್ಕಿಂತ ಕಾಗದವೇ ಜಾಸ್ತಿ. ಯುಡೈಸ್ ಅಂತ ಶಾಲೆಯ ಅಂಕಿಅಂಶದ ಸರ್ಕಾರಿ ಫಾರ್ಮು ತುಂಬಬೇಕು, ಸಂಚ ಮಾನ್ಯತೆಗೆ (ಶಾಲೆಗೆ ಎಷ್ಟು ಟೀಚರ್ ಪೋಸ್ಟ್ ಅನ್ನೋ ಮಂಜೂರಾತಿಗೆ) ಓಡಬೇಕು, ಊಟದ ಅಕ್ಕಿಯ ಲೆಕ್ಕ ಬರೆಯಬೇಕು.

ಕಳೆದ ವರ್ಷ ಒಂದು ಮಗು ಕಮ್ಮಿಯಾಗಿ ಒಂದು ಟೀಚರ್ ಪೋಸ್ಟ್ ಹೋಯಿತು. ಒಂದರಿಂದ ಐದನೇ ಕ್ಲಾಸಿನವರೆಗೆ 61 ಮಕ್ಕಳಿದ್ದರು, 60 ಆದರು. ಆ ಹುಡುಗಿಯ ಅಪ್ಪನದು ಕಟ್ಟಡದ ಕೆಲಸ, ಸೈಟ್ ಮುಗಿಯಿತು, ಗಣಪತಿ ಹಬ್ಬಕ್ಕೆ ಅಂತ ಯಾದಗಿರಿಗೆ ಹೋದವರು ತಿರುಗಿ ಬರಲೇ ಇಲ್ಲ. ಅವಳ ಕಂಪಾಸ್ ಪೆಟ್ಟಿಗೆ ಇನ್ನೂ ನನ್ನ ಕಪಾಟಿನಲ್ಲಿದೆ. ಈ 61 ಅನ್ನೋ ಲೆಕ್ಕವನ್ನು ಯಾರು, ಎಲ್ಲಿ ಕೂತು ಮಾಡಿದರು ಅಂತ ಆಫೀಸಿನಲ್ಲಿ ಕೇಳಿದೆ. ‘ಮೇಲಿಂದ ಬಂದಿದೆ’ ಅಂದರು, ಅಷ್ಟೇ.

ಅದಕ್ಕೇ ಈ ವಿಷಯ ಸರಿಯಾಗಿ ಓದೋಣ ಅನ್ನಿಸಿದೆ. ಎಂ.ಎಡ್. ಮಾಡಲಾ, ಎಂ.ಎ. ಎಜುಕೇಶನ್ ಮಾಡಲಾ, ಇಲ್ಲಾ ಡಿಪ್ಲೊಮಾ ಸಾಕಾ? ಕೆಲಸ ಬಿಡೋಕಾಗಲ್ಲ. ವಯಸ್ಸು 38.

ಕೋಥ್ರೂಡ್ ಭಾವಿಕಟ್ಟಿ:
ಅಕ್ಕಾ, ಎಂ.ಎಡ್. ಆಸೆ ಬಿಡಿ. 2015ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು, ದಿನಾ ಕಾಲೇಜಿಗೆ ಹೋಗಬೇಕು, ರಜೆ ಎಲ್ಲಿಂದ ತರ್ತೀರಿ? ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದವರಿಗೆ ಅದು ಸರಿ. ನಿಮ್ಮ ಪ್ರಶ್ನೆ ಬೇರೆ. ಇಗ್ನೋ ಅನ್ನೋ ದೂರಶಿಕ್ಷಣದ ಯೂನಿವರ್ಸಿಟಿಯಲ್ಲಿ ಎಜುಕೇಶನಲ್ ಮ್ಯಾನೇಜ್‌ಮೆಂಟ್ ಅಂಡ್ ಅಡ್ಮಿನಿಸ್ಟ್ರೇಶನ್ ಅಂತ ಪಿಜಿ ಡಿಪ್ಲೊಮಾ ಇದೆ, ಅಲ್ಲೇ ಎಂ.ಎ. ಎಜುಕೇಶನ್ನೂ ಇದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಮೊದಲು ಡಿಪ್ಲೊಮಾ ಮಾಡಿ, ರುಚಿ ಹತ್ತಿದರೆ ಮುಂದೆ ನೋಡಿ.

ನಿಮ್ಮ 61ರ ವಿಷಯಕ್ಕೆ ಬರ್ತೀನಿ. ಅದು 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಕೊನೆಯಲ್ಲಿರುವ ಶೆಡ್ಯೂಲಿನಲ್ಲಿದೆ. ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಟೀಚರ್, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಒಬ್ಬರಿಗೆ ಮೂವತ್ತು ಮಕ್ಕಳು ಅನ್ನುವ ಲೆಕ್ಕ. ಕಾಗದದ ಮೇಲೆ ಎಷ್ಟು ಚೆಂದ ನೋಡಿ. ಇಬ್ಬರೇ ಟೀಚರ್ ಐದು ಕ್ಲಾಸು ಹೇಗೆ ನಡೆಸಬೇಕು ಅನ್ನೋದು ಮಾತ್ರ ಶೆಡ್ಯೂಲಿನಲ್ಲಿ ಬರೆದಿಲ್ಲ! ಅದರ ಮೇಲೆ ರಾಜ್ಯ ಸರ್ಕಾರದ ಜಿಆರ್ (ಸರ್ಕಾರಿ ಆದೇಶ) ಬೇರೆ. ನಾನು ಎಂ.ಎ. ಮಾಡುವಾಗ ನಮ್ಮ ಒಂದು ಪೇಪರೇ ಹೀಗಿತ್ತು: ಯಾವುದಾದರೂ ಒಂದು ಸರ್ಕ್ಯುಲರ್ ಹಿಡಿದು, ಅದು ಯಾವ ಜಿಆರ್‌ನಿಂದ ಬಂತು, ಆ ಜಿಆರ್ ಯಾವ ಕಾಯ್ದೆಯಿಂದ ಬಂತು, ಕಾಯ್ದೆಗೆ ಮೊದಲು ಯಾವ ಕಮಿಷನ್ ಏನು ಹೇಳಿತ್ತು ಅಂತ ಹಿಂದಕ್ಕೆ ಹೋಗ್ತಾ ಹೋಗ್ತಾ ಬೇರು ಹುಡುಕಬೇಕು. ತಲೆ ಕೆಟ್ಟುಹೋಗುತ್ತದೆ, ಆದರೆ ಆಮೇಲೆ ‘ಮೇಲಿಂದ ಬಂದಿದೆ’ ಅಂದರೆ ಸುಮ್ನೆ ತಲೆ ಆಡಿಸಿಕೊಂಡು ಬರಲ್ಲ ನೀವು.

ಇನ್ನೊಂದು. ಓದುವಾಗ ಜೆ.ಪಿ. ನಾಯಕರ ಹೆಸರು ಸಿಗುತ್ತದೆ, 1964-66ರ ಕೊಠಾರಿ ಶಿಕ್ಷಣ ಕಮಿಷನ್ನಿಗೆ ಮೆಂಬರ್ ಸೆಕ್ರೆಟರಿ ಆಗಿದ್ದವರು. ಕೊಲ್ಹಾಪುರ ಕಡೆಯವರು, ಆದರೆ ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೈಲು ಕಂಡು, ಆಮೇಲೆ ಧಾರವಾಡದ ಹತ್ತಿರ ಉಪ್ಪಿನ ಬೆಟಗೇರಿಯಲ್ಲಿ ಕೆಲಸ ಮಾಡಿದವರು. ನಮ್ಮಜ್ಜಿ ಊರು ಅಲ್ಲಿಂದ ದೂರವಿಲ್ಲ, ನನಗೆ ಇದು ಗೊತ್ತಾಗಿದ್ದು ಪುಣೆಗೆ ಬಂದು ಓದಿದ ಮೇಲೆ! ಅವರು ಕಟ್ಟಿದ ಸಂಸ್ಥೆ ಇಲ್ಲೇ ಕೋಥ್ರೂಡಿನಲ್ಲಿದೆ.

ಮಾಟುಂಗಾ ಮಾಮಾ:
ಟೀಚರಮ್ಮ, ಒಂದು ಮಾತು ಕಟುವಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಪ್ರಮೋಷನ್ನಿಗೆ ಅಂತ ಓದಬೇಡಿ. ನಮ್ಮ ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಗಳ ನೌಕರರಿಗೆ 1981ರ ರೂಲ್ಸ್ ಇದೆ, ಹೆಡ್‌ಮಾಸ್ತರ ಕುರ್ಚಿಗೆ ಸೀನಿಯಾರಿಟಿಯೇ ದೊಡ್ಡದು. ನಾನು ಮೂವತ್ತು ವರ್ಷ ಶಾಲೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದವ. ಎರಡೆರಡು ಎಂ.ಎ. ಮಾಡಿದವರು ಸೀನಿಯಾರಿಟಿ ಲಿಸ್ಟಿನಲ್ಲಿ ತಮ್ಮ ಹೆಸರನ್ನು ಬೆರಳಿಟ್ಟು ಹುಡುಕಿದ್ದು ನೋಡಿದ್ದೇನೆ.

ವಾಸ್ಕೋ ಮಾಸ್ತರ್:
ಮಾಮಾ ಹೇಳಿದ್ದು ನಿಜ, ಆದರೂ ಓದಿ ಮೇಡಂ. ನನಗೆ ಡಿಪ್ಲೊಮಾದಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು ಹಣಕಾಸಿನ ಭಾಗ. ಕೊಠಾರಿ ಕಮಿಷನ್ ರಾಷ್ಟ್ರದ ಆದಾಯದಲ್ಲಿ 6% ಶಿಕ್ಷಣಕ್ಕೆ ಕೊಡಿ ಅಂದಿತ್ತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದೇ 6% ಕೂತಿದೆ, ಅರ್ಧ ಶತಮಾನ ದಾಟಿದ ಮೇಲೂ! ಆ ಅಧ್ಯಾಯ ಓದಿದ ಮೇಲೆ ನಮ್ಮ ಶಾಲೆಯ ಗ್ರಾಂಟಿನ ಕಾಗದ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಸುಣ್ಣ ಬಣ್ಣಕ್ಕೆ ಬಂದ ದುಡ್ಡನ್ನು ಬೆಂಚಿಗೆ ಹಾಕೋಕಾಗಲ್ಲ ಅಂತ ನಮ್ಮ ಹೆಡ್‌ಮಾಸ್ತರು ವರ್ಷಗಟ್ಟಲೆ ಹೇಳ್ತಾ ಬಂದಿದ್ದರು. ಕಾಗದದಲ್ಲಿ ಹಾಗೆ ಇರಲೇ ಇಲ್ಲ. ಈಗ ಮೂರು ಹೊಸ ಬೆಂಚು ಇವೆ.

ಡೊಂಬಿವಲಿ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಮಾಮಾ, ಬೇಜಾರಿಲ್ಲ, ಕುರ್ಚಿ ಈಗಲೇ ಸಾಕಾಗಿದೆ. ಡಿಪ್ಲೊಮಾಗೆ ಹಾಕ್ತೀನಿ. ಲೋಕಲ್‌ನಲ್ಲಿ ನಿಂತುಕೊಂಡು ಓದಬಹುದು, ಬರೆಯೋಕಾಗಲ್ಲ, ಅದೊಂದೇ ಚಿಂತೆ. ಅಸೈನ್‌ಮೆಂಟ್ ಟೈಪ್ ಮಾಡಿ ಕೊಟ್ಟರೆ ನಡೆಯುತ್ತಾ?

ವಾಸ್ಕೋ ಮಾಸ್ತರ್:
ಇಲ್ಲ ಮೇಡಂ, ಕೈಯಲ್ಲೇ ಬರೀಬೇಕು. ಒಂದು ರೀಮ್ ಎ4 ಈಗಲೇ ತಂದಿಟ್ಟುಕೊಳ್ಳಿ.