ಅಂಗಳದ ಹೂವಿನ ಪಾತಿ ಬಗ್ಗೆ ಕಾಕಾನ ಉದ್ದ ವಾಯ್ಸ್

ಮಗಳೇ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ವಿಡಿಯೋ ಈಗ ನೋಡಿದೆ. ಹೊಸ ಮನೆಯ ಮುಂದೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ. ಅದರ ತುಂಬ ಪ್ಲಾಸ್ಟಿಕ್ ಹಾಸಿ, ಮೇಲೆ ಬಿಳಿ ಕಲ್ಲು ಸುರಿದು, ನಡುವೆ ಕಳ್ಳಿ ಗಿಡ ಇಡೋಣ ಅಂತ ಗುತ್ತಿಗೆದಾರ ಹೇಳಿದ್ದಾನೆ. "ಮರುಭೂಮಿ ಗಾರ್ಡನ್, ನೀರೂ ಬೇಡ, ಕೆಲಸವೂ ಇಲ್ಲ" ಅಂದನಂತೆ. ಸೋಮವಾರದೊಳಗೆ ಅಡ್ವಾನ್ಸ್ ಕೊಡಬೇಕು, ಕಾಕಾ ಏನಂತೀರಿ ಅಂತ ನೀನು ಕೇಳಿದ್ದೀಯ. ಕೊಡಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ದೊಡ್ಡಕ್ಕ ಬೈಯಬಾರದು, ಬೇಕಾದರೆ ಎರಡರ ಸ್ಪೀಡಿನಲ್ಲಿ ಕೇಳಿ.

ದುಬೈನಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಇದೇ ಕೆಲಸ ಅಲ್ವಾ. ರಸ್ತೆ ಪಕ್ಕದ ಹೂವಿನ ಪಾತಿ, ವಿಲ್ಲಾ ಮುಂದಿನ ತೋಟ. ಅಲ್ಲಿ ನೆಲ ಅಂದರೆ ಮರಳು. ಕೊಡ ನೀರು ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದು ಹೋಗುತ್ತದೆ. ಮೇಲೆ ಉಪ್ಪು. ಅದಕ್ಕೇ ಉಪ್ಪು ಕಡಿಮೆ ಇರುವ ಮಣ್ಣನ್ನು ಲಾರಿಯಲ್ಲಿ ತರಿಸಿ ಹಾಕುತ್ತಾರೆ, ‘ಸ್ವೀಟ್ ಸಾಯಿಲ್’ ಅಂತಾರೆ. ಚರಂಡಿ ನೀರನ್ನೇ ಶುದ್ಧ ಮಾಡಿ ಡ್ರಿಪ್‌ಗೆ ಬಿಡುತ್ತಾರೆ. ವರ್ಷದ ಮಳೆ ಸರಾಸರಿ 100 ಮಿಲಿಮೀಟರ್ ಆಸುಪಾಸು, ಅಷ್ಟೇ. ನೀರು ನಿಲ್ಲುವುದಿಲ್ಲ ಅನ್ನುವುದೇ ಅಲ್ಲಿನ ಚಿಂತೆ.

ನಮ್ಮ ಕಲಬುರಗಿಯ ಬಿಸಿಲು ನೋಡಿ ಎಲ್ಲರೂ ಇದೂ ಮರುಭೂಮಿ ಅಂದುಕೊಳ್ಳುತ್ತಾರೆ. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಇದ್ದಾಗ ನನಗೂ ಹಾಗೇ ಅನಿಸುತ್ತದೆ. ಆದರೆ ಇಲ್ಲಿ 700 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಕೆಳಗೆ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹೋದ ವರ್ಷ ಮೇನಲ್ಲಿ ನಮ್ಮ ಹಿತ್ತಲಿನ ಬಿರುಕಿನಲ್ಲಿ ಸ್ಕೂಟರ್ ಕೀಲಿಕೈ ಬಿದ್ದಿತ್ತು. ತಂತಿ ಬಾಗಿಸಿ, ಅರ್ಧ ಗಂಟೆ ಬೋರಲು ಮಲಗಿ ತೆಗೆದೆ. ಅದೇ ಜಾಗದಲ್ಲಿ ಸೆಪ್ಟೆಂಬರ್‌ನಲ್ಲಿ ಚಪ್ಪಲಿ ಹೂತು ಹೋಯಿತು.

ಈಗ ನನ್ನ ದಡ್ಡತನ ಕೇಳು. ಊರಿಗೆ ಬಂದ ಮೊದಲ ವರ್ಷ ನಾನೂ ಇದೇ ಬಿಳಿ ಕಲ್ಲಿನ ಪಾತಿ ಮಾಡಿದ್ದೆ. ದುಬೈನಿಂದ ಬಂದವನು, ನಾಲ್ಕು ಜನ ನೋಡಲಿ ಅಂತ. ಬೇಸಿಗೆಯಲ್ಲಿ ಕಲ್ಲು ಎಷ್ಟು ಕಾಯುತ್ತಿತ್ತು ಅಂದರೆ ರಾತ್ರಿ ಊಟ ಮಾಡಿ ಬಂದು ಕೈಯಿಟ್ಟರೂ ಬೆಚ್ಚಗೆ. ಸಂಜೆಯ ಗಾಳಿಯೂ ಬಿಸಿ. ಹೇಗೋ ಗಿಡ ಉಳಿದವು. ಸೆಪ್ಟೆಂಬರ್‌ನ ಉತ್ತರಿ ಮಳೆ ಹಿಡಿಯಿತು ನೋಡು, ಎಂಟು ದಿನಕ್ಕೆ ಪಾತಿ ವಾಸನೆ ಬಂತು. ಕಲ್ಲು ಸರಿಸಿ, ಪ್ಲಾಸ್ಟಿಕ್ ಎತ್ತಿ, ಅಲ್ಲಿ ಹಚ್ಚಿದ್ದ ದಪ್ಪ ಬುಡದ ಅಡೇನಿಯಂ ಗಿಡ ಹಿಡಿದು ಎಳೆದರೆ ಬುಡ ಮೆತ್ತಗೆ ಕೈಗೇ ಬಂತು. ಬೇರು ಕಪ್ಪಗೆ, ನೆನೆದ ಸೆಣಬಿನ ಹಗ್ಗದ ಹಾಗೆ. ಬಿಸಿಲಿಗೆ ಸಾಯದ ಗಿಡ ನೀರಿಗೆ ಸತ್ತಿತ್ತು.

ಮಾಡುವುದಾದರೆ ನೆಲದಿಂದ ಒಂದೂವರೆ ಅಡಿ ಎತ್ತರದ ಪಾತಿ ಮಾಡು. ಅಗಲ ನಾಲ್ಕು ಅಡಿ ಸಾಕು, ಎರಡೂ ಕಡೆಯಿಂದ ಕೈ ಎಟುಕಬೇಕು. ಅಂಚಿಗೆ ನಮ್ಮ ಶಹಾಬಾದ್ ಫರಸಿಯನ್ನೇ ನಿಲ್ಲಿಸು. ಕಲ್ಲು ಕಲ್ಲಿನ ನಡುವೆ ಬೆರಳು ಹೋಗುವಷ್ಟು ಸಂದಿ ಬಿಡಬೇಕು, ಸಿಮೆಂಟ್ ತುಂಬಿ ಮುಚ್ಚಬಾರದು. ಮಳೆಗಾಲದಲ್ಲಿ ನೀರು ಹೊರಗೆ ಹೋಗುವ ದಾರಿ ಅದೇ. ಗೌಂಡಿ ಕೇಳುವುದಿಲ್ಲ, "ಚಂದ ಕಾಣಲ್ಲ ಅಕ್ಕೋರೆ" ಅಂತಾನೆ. ನೀನು ಎದುರಿಗೆ ನಿಂತುಕೋ.

ಒಳಗೆ ಬೀದರ್ ಕಡೆಯ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು. ಎರೆ ಮಣ್ಣಿಗೇ ಒಂದಿಷ್ಟು ಮರಳು ಕಲಸಿದರೆ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಒಣಗಿದ ಮೇಲೆ ಇಟ್ಟಿಗೆ ಆಗುತ್ತದೆ.

ಇನ್ನೊಂದು, ಇದು ಅಳಿಯಂದಿರಿಗೂ ಹೇಳು. ಪಾತಿಯನ್ನು ಮನೆ ಗೋಡೆಗೆ ಅಂಟಿಸಬೇಡಿ. ಮೂರು ಅಡಿ ದೂರ ಇರಲಿ. ದಿನಾ ನೀರು ಬಿದ್ದು ಬುನಾದಿ ಪಕ್ಕದ ಎರೆ ಉಬ್ಬಿದರೆ ಗೋಡೆ ಸೀಳುತ್ತದೆ. ಹೂವಿನ ಆಸೆಗೆ ಮನೆ ಯಾಕೆ ಕೆಡಿಸಬೇಕು?

ಬಿಳಿ ಕಲ್ಲಿನ ಬದಲು ಮೇಲೆ ಏನು ಹಾಕೋದು? ತೊಗರಿ ನಾಡಿನಲ್ಲಿ ಕೂತು ಇದನ್ನು ಕೇಳಬೇಕಾ! ತೊಗರಿ ಹೊಟ್ಟು, ಒಣ ಎಲೆ, ಏನು ಸಿಗುತ್ತದೋ ಅದು, ಮೂರು ಬೆರಳು ದಪ್ಪ. ಗಿಡದ ಬುಡಕ್ಕೆ ಮುಟ್ಟಬಾರದು, ಅಷ್ಟೇ. ಮಣ್ಣು ತಂಪಾಗಿರುತ್ತದೆ, ಕೊಳೆತರೆ ಗೊಬ್ಬರ. ಸುಣ್ಣದ ಕಲ್ಲಿನ ಪುಡಿ, ಮಾರ್ಬಲ್ ಚೂರು ಗುಲಾಬಿ ಬುಡಕ್ಕೆ ಹಾಕಿದರೆ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯುತ್ತವೆ. ನಮ್ಮ ಮಣ್ಣಿನಲ್ಲಿ ಸುಣ್ಣ ಮೊದಲೇ ಜಾಸ್ತಿ.

ನೀರಿನ ವಿಷಯ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರದಿಂದ ಹೊರಬೀಳುವ ನೀರು ಹಾಕಲಾ ಅಂತ ನೀನು ಕೇಳಿದ್ದೆ. ಬೇಡ. ಬೋರಿನ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಅಂಗಳ ತೊಳೆಯೋಕೆ ಇಟ್ಟುಕೋ. ಡ್ರಿಪ್ ಹಾಕಿಸಿದರೆ ಒಳ್ಳೆಯದು, ಆದರೆ ಬೋರ್ ನೀರಿಗೆ ಡ್ರಿಪ್ಪರ್ ಬಾಯಿ ಬೆಳ್ಳಗೆ ಕಟ್ಟುತ್ತದೆ, ಆಗಾಗ ಬಿಚ್ಚಿ ಹುಳಿ ನೀರಿನಲ್ಲಿ ನೆನೆಸಬೇಕು. ನನ್ನ ಕೇಳಿದರೆ ಕುಂಬಾರರ ಹತ್ತಿರ ಮಣ್ಣಿನ ಗಡಿಗೆ ತಂದು ಕತ್ತಿನವರೆಗೆ ಪಾತಿಯಲ್ಲಿ ಹೂತುಬಿಡು. ಬಣ್ಣ ಹಚ್ಚಿದ್ದು ಬೇಡ, ನೀರು ಜಿನುಗುವುದಿಲ್ಲ. ತುಂಬಿಸಿ ಮುಚ್ಚಳ ಮುಚ್ಚು, ಇಲ್ಲದಿದ್ದರೆ ಸೊಳ್ಳೆ. ಮೂರು ದಿನಕ್ಕೊಮ್ಮೆ ನೋಡಿದರೆ ಸಾಕು. ನೀವು ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ನೀರು ಹಾಕಿ ಅಂತ ಹೇಳುವ ತಾಪತ್ರಯವೂ ಇಲ್ಲ.

ಗಿಡ ಯಾವುದು ಅಂದರೆ, ದುಬೈ ಬೇಸಿಗೆಯಲ್ಲಿ ನಾವು ಸಾಲಾಗಿ ಹಚ್ಚುತ್ತಿದ್ದ ‘ವಿಂಕಾ’ ಬೇರೆ ಏನೂ ಅಲ್ಲ, ನಮ್ಮ ನಿತ್ಯಪುಷ್ಪ. ಇಲ್ಲಿ ಗಟಾರದ ಪಕ್ಕ ತಾನೇ ಬೆಳೆಯುತ್ತದೆ, ಅಲ್ಲಿ ಲೆಕ್ಕ ಬರೆದು ನೆಡುತ್ತಿದ್ದೆವು! ಅವರ ರಾಷ್ಟ್ರ ಮರ ಘಾಫ್ ಇದೆಯಲ್ಲ, ಅದೂ ನಾವು ಶಮಿ ಅಂತ ಪೂಜೆ ಮಾಡುವ ಮರವೇ. ಮೊದಲ ಸಲ ಗೊತ್ತಾದಾಗ ಅದರ ಕೆಳಗೆ ನಿಂತು ದಸರಾ ನೆನೆಸಿಕೊಂಡು ಸುಮ್ನೆ ಕಣ್ಣು ತುಂಬಿತ್ತು. ಇರಲಿ.

ಪಡುವಣ ಬಿಸಿಲು ಬೀಳುವ ಕಡೆ ಕಾಗದದ ಹೂವಿನ ಬಳ್ಳಿ. ಅದಕ್ಕೆ ನೀರು ಜಾಸ್ತಿ ಆದರೆ ಬರೀ ಎಲೆ, ಸ್ವಲ್ಪ ಬಾಯಾರಿಸಿದರೆ ಹೂವು. ಕಣಗಲೆ ಬಿಸಿಲಿಗೆ ಗಟ್ಟಿ, ಆದರೆ ವಿಷ. ಪುಟ್ಟ ಈಗ ಎಲ್ಲವನ್ನೂ ಬಾಯಿಗೆ ಹಾಕುತ್ತಾನೆ, ಈಗ ಬೇಡ. ಅತ್ತೆಯವರ ಪೂಜೆಗೆ ದುಂಡು ಮಲ್ಲಿಗೆ ಎರಡು ಗಿಡ. ಚೆಂಡು ಹೂವಿನ ಬೀಜ ಜುಲೈನಲ್ಲಿ ಹಾಕಿದರೆ ದಸರಾ, ದೀಪಾವಳಿಗೆ ಮನೆಯದೇ ಹಾರ. ವಿಡಿಯೋದಲ್ಲಿದ್ದ ಪೆಟುನಿಯಾ ಚಳಿಗಾಲದ ಗಿಡ, ನವೆಂಬರ್‌ಗೆ ಹಚ್ಚು, ಶಿವರಾತ್ರಿ ಮುಗಿಯುವ ಹೊತ್ತಿಗೆ ಅದರ ಆಸೆ ಬಿಡು.

ಮುಖ್ಯ ಮಾತು ಮರೆತೇಬಿಟ್ಟಿದ್ದೆ. ಈಗ ಗಿಡ ತರಬೇಡ. ಈ ಬಿಸಿಲಿನಲ್ಲಿ ನರ್ಸರಿ ನೆರಳಿನಿಂದ ತಂದದ್ದು ನಾಲ್ಕು ದಿನ ಬಾಳುವುದಿಲ್ಲ. ಈಗ ಕಲ್ಲು, ಮಣ್ಣಿನ ಕೆಲಸ ಮುಗಿಸು. ಜೂನ್‌ನಲ್ಲಿ ಮಿರಗದ ಮಳೆ ಕೂಡಿ ಎರಡು ಮಳೆ ಆಗಲಿ, ಮಣ್ಣು ಕುಸಿದು ಕೂರುತ್ತದೆ. ಆಮೇಲೆ ಹಚ್ಚೋಣ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಶನಿವಾರ ಸಂಜೆ ಅಂಗಳದಲ್ಲಿ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿಡು. ಬೆಳಿಗ್ಗೆವರೆಗೆ ಎಷ್ಟು ಇಳಿದಿದೆ ನಾನೇ ನೋಡುತ್ತೇನೆ. ಪುಟ್ಟ ಹತ್ತಿರ ಹೋಗದ ಹಾಗೆ ಮೇಲೆ ಹಲಗೆ ಮುಚ್ಚು. ಗುದ್ದಲಿ ಇಲ್ಲದಿದ್ದರೆ ಹೇಳು, ನನ್ನದೇ ತರುತ್ತೇನೆ.